ಕಾದಂಬರಿ ಓದಿ ಫುಟ್ಬಾಲ್ ಆಡಿದೆವು

ಕಳೆದ ವಾರ ನಮ್ಮ ಮಿರ್ಲೆಯ ಹನ್ನೊಂದು ಮಂದಿ ಆಟಗಾರರೂ ಒಬ್ಬರ ಹಿಂದೊಬ್ಬರು ಕುಂಟಿದೆವು. ಯಾರ ಕಾಲಿಗೂ ಒಂದು ಗೀರು ಬಿದ್ದಿರಲಿಲ್ಲ. ತಪ್ಪು ಕಾದಂಬರಿಗಳದು. (ಓದಿ ಹೇಳಿದವನು ನಾನು. ಆ ಮಾತು ಬೇಡ.)

ಮಹಾರಾಜರ ವರ್ಧಂತಿಯ ದಿನ ಸಾಲಿಗ್ರಾಮದವರೊಡನೆ ಪಂದ್ಯ. ಸೋತವರು ಚೆಂಡು ಬಿಟ್ಟುಕೊಡಬೇಕು. ನಮ್ಮಲ್ಲಿದ್ದುದು ಒಂದೇ ತೊಗಲಿನ ಚೆಂಡು. ಕ್ಯಾಪ್ಟನ್ ಕೆಂಪಣ್ಣ ಅದನ್ನು ಕೂಸಿನಂತೆ ಸಾಕಿದ್ದ.

ಹುರುಪು ಬರಲೆಂದು ವಾರವಿಡೀ ಸಂಜೆ ಅವನ ಜಗಲಿಯಲ್ಲಿ ಇಂಗ್ಲಿಷ್ ಫುಟ್ಬಾಲ್ ಕಾದಂಬರಿಗಳನ್ನು ಕನ್ನಡದಲ್ಲಿ ಓದಿದೆ. ಕತೆಯ ದೊರೆಗೆ ಮೂಗಿನ ದನಿ, ಹುಡುಗಿಗೆ ಕೀಚಲು ದನಿ ಹಾಕಿ ಅಣಕಿಸಿದೆ.

ಈ ಕಾದಂಬರಿಗಳ ವಂಶಾವಳಿ ಕೇಳಿ. ಮೊದಲು ಹುಟ್ಟಿದ್ದು ಶಾಲೆಯ ಕತೆ: ಬಡ ಹುಡುಗ, ಪುಂಡ ಸಹಪಾಠಿ, ಬೆತ್ತದ ಹೆಡ್‌ಮಾಸ್ಟರು. ಬಳಿಕ ಗಿರಣಿ ಊರಿನ ಕತೆ: ವಾರವೆಲ್ಲ ಮಗ್ಗ, ಶನಿವಾರ ಮೈದಾನ. ಆಮೇಲೆ ಪ್ರೇಮ ಬಂತು (ಬಾರದೆ ಇರುತ್ತದೆಯೇ?): ಆಟಗಾರನಿಗೆ ಕ್ಲಬ್ಬಿನ ಯಜಮಾನನ ಮಗಳೇ ಬೇಕು. ಈಗೀಗ ಪತ್ತೇದಾರಿ: ಚೆಂಡಿನ ಹಿಂದೆ ಓಡುತ್ತಿದ್ದವನು ಹೆಣವಾಗುತ್ತಾನೆ.

ಕವಲು ನಾಲ್ಕಾದರೂ ಗೋತ್ರ ಒಂದೇ. ನಾಯಕ ಬೀಳುತ್ತಾನೆ, ಕುಂಟುತ್ತಾನೆ, ಕೊನೇ ನಿಮಿಷದಲ್ಲಿ ಎದ್ದು ಗೋಲು ಹೊಡೆಯುತ್ತಾನೆ.

"ಎದ್ದೇಳೋ ಜಾಗ ಇನ್ನೊಂದ್ ಸಲ ಓದ್ಲಾ," ಎಂದು ಪ್ರತಿ ಸಂಜೆಯೂ ಕೆಂಪಣ್ಣನ ಅಪ್ಪಣೆ.

ಪಂದ್ಯದ ದಿನ ಬಹಳ ಹೊತ್ತು ಯಾರಿಗೂ ಗೋಲಿಲ್ಲ. ಇದೇ ಸಮಯವೆಂದು ನಾನು "ಅಯ್ಯೋ ಕಾಲು!" ಎಂದು ಉರುಳಿದೆ. ಪಕ್ಕದಲ್ಲೇ ನಮ್ಮ ತಂಡದ ಸಿದ್ದನೂ ಉರುಳಿದ.

"ಏಳ್ಲಾ! ಮೊದ್ಲು ಬಿದ್ದೋನು ನಾನು," ಎಂದೆ.

"ಅದ್ಕೇ ನೀನು ಮೊದ್ಲು ಏಳು. ನಾನು ಕೊನೇಲಿ ಏಳ್ತೀನಿ ಕಣ್ಲಾ."

ತಿರುಗಿ ನೋಡಿದರೆ ಕೆಂಪಣ್ಣನೂ ಮೊಣಕಾಲು ಹಿಡಿದು ಕೂತಿದ್ದ! ಗೋಲಿನ ಕಾವಲಿನವನು ಕಂಬಕ್ಕೊರಗಿ ಕುಂಟುತ್ತಿದ್ದ. (ನಿಂತಲ್ಲೇ ಕುಂಟುವುದು ಹೇಗೆ? ಅವನನ್ನೇ ಕೇಳಿ.)

ಸಾಲಿಗ್ರಾಮದವನೊಬ್ಬ ಚೆಂಡು ತಳ್ಳಿಕೊಂಡು ನಮ್ಮ ನಡುವೆಯೇ ನಡೆದುಬಂದ. "ಏನ್ರಣ್ಣ, ಹಾವು ಗೀವು ಕಚ್ತಾ?" ಎಂದು ಮರುಗುತ್ತಲೇ ಗೋಲಿನೊಳಕ್ಕೆ ಬಿಟ್ಟ.

ಕೊನೇ ನಿಮಿಷ ಯಾವುದೆಂದು ಗೊತ್ತಿದ್ದುದು ಗಡಿಯಾರವಿದ್ದ ರೆಫರಿಗೆ ಮಾತ್ರ. ಸೀಟಿ ಊದಿದ ಮೇಲೆ ಹನ್ನೊಂದು ಮಂದಿಯೂ ಒಟ್ಟಿಗೆ ಎದ್ದೆವು, ಗಟ್ಟಿಮುಟ್ಟಾಗಿ.

ಕೆಂಪಣ್ಣ ಚೆಂಡನ್ನು ಪಂಚೆಯಲ್ಲಿ ಒರೆಸಿ ಕೊಟ್ಟ. "ವಾರಕ್ಕೊಂದ್ ಸಲ ಎಣ್ಣೆ ಸವರ್ರಪ್ಪಾ, ತೊಗಲು ಬಿರಿಯುತ್ತೆ," ಎಂದಾಗ ಅವನ ದನಿಯೇ ಬಿರಿದಿತ್ತು. ಆ ದನಿಯನ್ನು ಮಾತ್ರ ನಾನು ಅಣಕಿಸಿಲ್ಲ.

ದಾರಿಯಲ್ಲಿ ಕೇಳಿದ: "ಬೀಳ್ದೆ ಆಡಿ ಗೆದ್ದೋನ್ ಕತೆ ಒಂದೂ ಇಲ್ವೇನ್ಲಾ ನಿನ್ ಪುಸ್ತಕ್ದಲ್ಲಿ?"

ಮನೆಗೆ ಬಂದು ಹುಡುಕಿದೆ. ಇಲ್ಲ. ಅಂಥ ಕತೆ ಇದ್ದಿದ್ದರೂ ನೀವು ಓದುತ್ತಿದ್ದಿರಾ?