ಸನೋಬರ್ ಆಪಾ ಬರೆದ ಚೀಟಿ
ಜೇವರ್ಗಿ ಕಾಲೋನಿಯ ಸನೋಬರ್ ಆಪಾ ಮೇಣಬತ್ತಿ ಮಾಡುವುದು ಒಂದು ತಾಸು, ಅದಕ್ಕೆ ಚೀಟಿ ಬರೆದು ಅಂಟಿಸುವುದು ಮೂರು ತಾಸು. ಕಮಲಾಪುರದ ಕೆಂಪು ಬಾಳೆಹಣ್ಣಿನ ಬಣ್ಣ, ವಾಸನೆ ಎರಡನ್ನೂ ಬತ್ತಿಗೆ ಕೊಟ್ಟು, ಮೇಲೆ ‘ತಿನ್ನಬ್ಯಾಡ್ರಿ’ ಎಂದು ದಪ್ಪಕ್ಷರದಲ್ಲಿ ಬರೆಯುತ್ತಾರೆ. ಬೆಲೆ ಎಂಬತ್ತು ರೂಪಾಯಿ. ಚೌಕಾಸಿಗೆ ಇಳಿದವರಿಗೆ, “ಡಬ್ಬಿ ಬ್ಯಾಡಂದ್ರ ಐದು ಕಡಿಮಿ, ಚೀಟಿ ಬ್ಯಾಡಂದ್ರ ಬತ್ತೀನೇ ಇಲ್ಲ” ಎನ್ನುತ್ತಾರೆ. ಚೀಟಿಯ ಕೊನೆಯ ಸಾಲು, ‘ಮಲಗೂ ಮೊದಲು ದೀಪ ದೊಡ್ಡದು ಮಾಡ್ರಿ.’ ಮೊನ್ನೆ ಐವತ್ತು ಡಬ್ಬಿ ಕೊಳ್ಳಲು ಬಂದ, ಊರಿಗೆ ಹೊಸಬರಾದ ಅಂಗಡಿಯವರು ಅದನ್ನೋದಿ ಬೆಚ್ಚಿದರು: “ಮಲಗುವಾಗ ಉರಿ ದೊಡ್ಡದು ಮಾಡಿದ್ರೆ ಮನೆಗೇ ಬೆಂಕಿ ಬೀಳಲ್ವೇನಮ್ಮಾ?” ದೀಪ ಆರಿಸುವುದಕ್ಕೇ ಈ ಕಡೆ ಹಾಗೆನ್ನುತ್ತಾರೆಂದು ತಿಳಿದ ಮೇಲೂ ಅವರು ಬಗ್ಗಲಿಲ್ಲ: “ಹಾಗಾದ್ರೆ ಆರಿಸಿ ಅಂತಲೇ ಬರೀರಿ, ಇಲ್ಲಾಂದ್ರೆ ನನಗೆ ಬೇಡ.” ಆಪಾ ನಗುತ್ತಲೇ ಐವತ್ತೂ ಡಬ್ಬಿಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. “ನಮ್ಮ ಅಮ್ಮಿ ‘ಚಿರಾಗ್ ಬಢಾವ್’ ಅಂತಿದ್ಳು, ಬಾಜೂ ಮನಿ ಮರೆಮ್ಮ ಆಯಿ ಅದನ್ನೇ ಕನ್ನಡದಾಗ ‘ದೀಪ ದೊಡ್ಡದು ಮಾಡು’ ಅಂತಿದ್ಳು. ಆರಿಸು ಅನ್ನೋ ಮಾತು ಇಬ್ಬರ ಬಾಯಾಗೂ ಎಂದೂ ಬಂದಿಲ್ರಿ. ನನ್ನ ಕೈಲೆ ಹ್ಯಾಂಗ ಬರಸ್ತೀರಿ?”