ನೇರಳೆಯೊಳಗಿನ ಮಸುಕು ಉಂಗುರ

ಎಂ.ಎಸ್ಸಿ. ಓದುತ್ತಿರುವ ಮಗಳು ಶನಿವಾರ ಸಂಜೆ ಕಾಲೇಜಿನಿಂದ ಬಂದವಳೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ನಾನು ಅಕ್ಕಿ ತೊಳೆಯುತ್ತಿದ್ದೆ.

"ಮೂರು ತಿಂಗಳ ಕೆಲಸ ಹೋಯ್ತಮ್ಮ. ಸೋಮವಾರ ಪ್ಲೇಟ್ ಬಿಸಾಕಿ ಬೇರೆ ಶುರು ಮಾಡು ಅಂದ್ಬಿಟ್ರು ನಮ್ಮ ಗೈಡ್ ಮೇಡಂ."

ಅವಳ ಕೆಲಸ ನನಗೆ ತಿಳಿದ ಮಟ್ಟಿಗೆ ಇಷ್ಟು: ಬ್ಯಾಕ್ಟೀರಿಯಾಗಳು ರಾಸಾಯನಿಕಗಳ ಮೂಲಕ ಮಾತಾಡಿಕೊಳ್ಳುತ್ತವೆ. ನಮ್ಮ ಗುಂಪು ದೊಡ್ಡದಾಯಿತು ಎಂದು ಆ ಮಾತಿನಿಂದಲೇ ತಿಳಿದು, ಒಂಟಿಯಾಗಿದ್ದಾಗ ಮಾಡದ್ದನ್ನು ಎಲ್ಲವೂ ಒಟ್ಟಿಗೆ ಮಾಡುತ್ತವೆ. ಅವಳು ಪ್ಲೇಟ್ ಎನ್ನುವ ಚಪ್ಪಟೆ ಡಬ್ಬಿಯಲ್ಲಿ ಬೆಳೆಸುವ ಜಾತಿಯಂತೂ ಮಾತು ಶುರುವಾದೊಡನೆ ನೇರಳೆ ಬಣ್ಣ ಬಿಡುತ್ತದೆ. ನಮ್ಮ ಕರಿಬೇವಿನ ಕುಂಡದ ಮಣ್ಣಿನಲ್ಲಿ ಸಿಕ್ಕಿದ ಇನ್ನೊಂದು ಜೀವಿಯ ಕಿಣ್ವ, ಅಂದರೆ ಎಂಜೈಮ್, ಆ ಮಾತನ್ನು ದಾರಿಯಲ್ಲೇ ಕತ್ತರಿಸುತ್ತದೆ, ಆದರೆ ಯಾರನ್ನೂ ಕೊಲ್ಲುವುದಿಲ್ಲ ಎಂದು ಅವಳು ತೋರಿಸಬೇಕಿತ್ತು. ಕಿಣ್ವದ ಹನಿ ಇಟ್ಟಲ್ಲಿ ಬಣ್ಣವೇನೋ ಹೋಗಿತ್ತು. ಫೋಟೋ ನೋಡಿದ ಮೇಡಂ ಮಾತ್ರ, ಇವು ಸುಮ್ಮನಾಗಿದ್ದಲ್ಲ, ಸತ್ತಿದ್ದು ಎಂದರಂತೆ.

ಕೈ ಒರೆಸಿಕೊಂಡು ಅವಳ ಫೋನ್ ತೆಗೆದುಕೊಂಡೆ. ಬದನೆಕಾಯಿ ಸಿಪ್ಪೆಯಂಥ ನೇರಳೆ, ನಡುವೆ ಬಿಳಿಚಿದ ಉಂಗುರ.

"ಸತ್ತಿದ್ರೆ ಇಲ್ಲಿ ಹೇಗೆ ಕಾಣ್ಬೇಕು?"

"ಕ್ಲಿಯರ್ ಆಗಿ. ಗಾಜಿನ ಥರ."

"ಇದು ಗಾಜಿನ ಥರ ಇಲ್ಲ ಕಣೇ. ಅಕ್ಕಿ ತೊಳೆದ ನೀರು ತಟ್ಟೆ ಮೇಲೆ ಒಣಗಿದ ಹಾಗಿದೆ."

"ಲೈಟ್ ಬಿದ್ದಿದೆ ಅಷ್ಟೇ. ನೀನ್ಯಾವಾಗ ಸೈಂಟಿಸ್ಟ್ ಆದೆ?"

"ಇಪ್ಪತ್ತೈದು ವರ್ಷದಿಂದ ತಟ್ಟೆ ತೊಳೀತಿದೀನಿ. ಯಾವ್ದು ಬೆಳಕು, ಯಾವ್ದು ಕಲೆ ಅಂತ ಗೊತ್ತಾಗಲ್ವಾ?"

ಅವಳು ನಗಲಿಲ್ಲ. ನಗಿಸಬೇಕೆಂದೇ ಕಾನ್ವೆಂಟಿನ ಕಥೆ ತೆಗೆದೆ. ಏಳನೇ ತರಗತಿಯಲ್ಲಿ ನಾನು ಮಾನಿಟರ್. ಮಧ್ಯಾಹ್ನದ ಸೈಲೆನ್ಸ್ ಪೀರಿಯಡ್‌ನಲ್ಲಿ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದು ನನ್ನ ಕೆಲಸ. ಒಂದು ದಿನ ಯಾರೂ ತುಟಿ ಬಿಚ್ಚಲಿಲ್ಲ. ಕಾರಿಡಾರಿನಲ್ಲಿ ಬಂದ ಸಿಸ್ಟರ್, ಹುಡುಗಿಯರೆಲ್ಲ ಪ್ರಾರ್ಥನೆಗೆ ಚಾಪೆಲ್‌ಗೆ ಹೋಗಿದ್ದಾರೆಂದುಕೊಂಡು ಹೊರಗಿನಿಂದ ಚಿಲಕ ಹಾಕಿ ನಡೆದರು. ಒಳಗೆ ನಾವು ನಲವತ್ತು ಜನ! ಬೆಲ್ ಆಗದೆ ಬಾಯಿ ಬಿಡುವಂತಿಲ್ಲವೆಂದು ನಾನೇ ಯಾರನ್ನೂ ಕೂಗಗೊಡಲಿಲ್ಲ. ಬೆಲ್ ಆದಾಗ ಎದ್ದ ಕಿರುಚಾಟಕ್ಕೆ ಸಿಸ್ಟರ್ ಕೊರಳಿನ ಶಿಲುಬೆ ಹಿಡಿದುಕೊಂಡು ಓಡಿಬಂದರು.

ಮಗಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಫೋನ್ ಕಸಿದುಕೊಂಡು ಉಂಗುರವನ್ನು ಇನ್ನೂ ದೊಡ್ಡದು ಮಾಡಿದಳು.

"ಅಮ್ಮಾ, ಈ ಮಸುಕಿಂದ ಚೂರು ತೆಗೆದು ಎಂಜೈಮ್ ಇಲ್ದೇ ಇರೋ ಹೊಸ ಪ್ಲೇಟಿಗೆ ಹಾಕಿದ್ರೆ? ಬದುಕಿದ್ರೆ ಮತ್ತೆ ಮಾತಾಡ್ಲೇಬೇಕು."

ಬಿಸಾಡುವ ಮೊದಲು ಅದೊಂದನ್ನು ಮಾಡಲು ಮೇಡಂ ಒಪ್ಪಿದರಂತೆ. ಸೋಮವಾರ ಬೆಳಿಗ್ಗೆಯೇ ಹಾಕಿದಳು; ಬಣ್ಣ ಬರುವುದಿದ್ದರೆ ಎರಡು ದಿನ ಕಾಯಬೇಕಂತೆ.

ಬುಧವಾರ ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಫೋನ್ ಸದ್ದಾಯಿತು. ಮಗಳು ಕಳಿಸಿದ ಫೋಟೋ. ಹೊಸ ಪ್ಲೇಟಿನ ತುಂಬ ದಟ್ಟ ನೇರಳೆ ಗೆರೆಗಳು. ಕೆಳಗೆ ಒಂದೇ ಸಾಲು:

"ಬೆಲ್ ಆಯ್ತಮ್ಮ."