ದೊಡ್ಡಪ್ಪನ ಅಳತೆ

ಆ ಪ್ಯಾಂಟು ಮೊದಲಿನಿಂದಲೂ ಬೂದಿ ಬಣ್ಣದ್ದು ಎಂದು ಬರೆಯಲು ಹೊರಟಿದ್ದೆ. ಅವ್ವ, ಅದು ಮೊದಲು ಕಂದು ಇತ್ತು ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ತಪ್ಪಿರಬೇಕು, ಬಹುಶಃ ನಾನೇ. ಕಾಲೇಜು ಸೇರಿದ ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಅದಕ್ಕಿಂತ ಹಿಂದಿನದಕ್ಕೆಲ್ಲ ನನ್ನ ನೆನಪೊಂದೇ ಸಾಕ್ಷಿ, ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಮುಂದೆ ಓದುವಾಗ ಬಣ್ಣದಲ್ಲೋ ವಯಸ್ಸಿನಲ್ಲೋ ಹೆಚ್ಚುಕಡಿಮೆ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಪ್ಯಾಂಟು ಮಾತ್ರ ನಿಜ. ಈಗಲೂ ನನ್ನ ಮೇಜಿನ ಮೇಲೆ ಮಡಿಸಿಟ್ಟಿದೆ, ನುಸಿಗುಳಿಗೆಯ ವಾಸನೆ ಬರುತ್ತಿದೆ.

ಅದು ಬಸವಕಲ್ಯಾಣದ ನಮ್ಮ ಮನೆಯ ಅಳತೆ ಪ್ಯಾಂಟು. ಟೇಲರ್ ಹತ್ತಿರ ಹೋಗಲು ಪುರುಸೊತ್ತಿಲ್ಲದವರು ತಮಗೆ ಸರಿಯಾಗುವ ಹಳೆಯದೊಂದನ್ನು ಅಳತೆಗೆಂದು ಕಳಿಸುವುದು ಎಲ್ಲ ಕಡೆಯೂ ಇದೆ. ನಮ್ಮಲ್ಲಿ ಮಾತ್ರ ಮೂವರು ಅಣ್ಣತಮ್ಮಂದಿರಿಗೂ ಸೇರಿ ಒಂದೇ ಅಳತೆ ಹೋಗುತ್ತಿತ್ತು: ದೊಡ್ಡಪ್ಪನದು. ಆಯಿ, ಅಂದರೆ ನನ್ನ ಅಜ್ಜಿ, ದಸರೆಗೆ ಮೊದಲು ಒಂದೇ ಥಾನಿನ ಬಟ್ಟೆ ತರಿಸಿ ಮೂರೂ ಪ್ಯಾಂಟನ್ನು ಆ ಅಳತೆಗೆ ಹೊಲಿಸುತ್ತಿದ್ದಳು. ಯಾರದನ್ನು ಯಾರು ಹಾಕಿಕೊಂಡರೂ ನಡೆಯಬೇಕು, ಇದು ನಂದು ಅದು ನಿಂದು ಎಂಬ ಮಾತು ಮನೆಯಲ್ಲಿ ಬರಬಾರದು ಎಂಬುದು ಅವಳ ಹಟ. ದೊಡ್ಡಪ್ಪ ಬಾಗಿಲಲ್ಲಿ ತಲೆ ಬಗ್ಗಿಸುವಷ್ಟು ಎತ್ತರ. ಎಲ್ಲರಿಗಿಂತ ಕಿರಿಯವನಾದ ಕಾಕಾ ಅವನಿಗಿಂತ ನಾಲ್ಕು ಬೆರಳು ಕಡಿಮೆ. ನಡುವಿನವನಾದ ಅಪ್ಪ ಅವರ ಭುಜದಷ್ಟು. ಅವನ ಪ್ಯಾಂಟಿನ ತುದಿಗೆ ಎರಡು ಮಡಿಕೆ, ಬೆಲ್ಟಿಗೆ ಮೊಳೆ ಹೊಡೆದು ಮಾಡಿದ ಮೂರು ಹೆಚ್ಚಿನ ತೂತು. ಹೈಸ್ಕೂಲಿನ ಕ್ಲಾರ್ಕ್ ಕೆಲಸಕ್ಕೆ ಹಾಗೆಯೇ ಹೋಗಿ, ಹಾಗೆಯೇ ನಿವೃತ್ತನಾದ.

ಅಳತೆ ಪ್ಯಾಂಟನ್ನು ಟೇಲರ್ ಅಂಗಡಿಗೆ ಒಯ್ಯುವ ಕೆಲಸ ನನ್ನದು. ಒಮ್ಮೆ, ನಾನು ಆರನೆಯದೋ ಏಳನೆಯದೋ ಓದುತ್ತಿದ್ದಾಗ, ಟೇಲರ್ ಮಾಸ್ಟರ್ ಅದನ್ನು ಬಿಡಿಸಿ ನೋಡಿ ನಕ್ಕರು. "ಬೇಟಿ, ನಿಮ್ಮ ಅಪ್ಪ ದಿನಾ ಇದೇ ರಸ್ತಾದಾಗ ಸಾಲಿಗಿ ಹೋಗ್ತಾರ. ಪ್ಯಾಂಟ್ ಮುಂದ ಹೊಂಟಿರ್ತದ, ಮನಶ್ಯಾ ಹಿಂದ ಬರ್ತಾನ. ಒಂದ್ ಸಲ ಅವರಿಗಿ ಕಳಸು, ನಾ ಖುದ್ದು ಅಳತಿ ತಗೋತೀನಿ."

ಮನೆಗೆ ಬಂದು ಅದನ್ನು ಅಪ್ಪನಿಗೆ ಹೇಳಿದೆನೇ? ಹೇಳಿದೆ ಎನ್ನಲು ಒಂದು ಚಿತ್ರ ಕಣ್ಣ ಮುಂದಿದೆ: ಅಪ್ಪ ಸೈಕಲ್ಲು ಒರೆಸುತ್ತಿದ್ದಾನೆ, ನಾನು ಪಕ್ಕದಲ್ಲಿ ನಿಂತಿದ್ದೇನೆ. ಆದರೆ ಆ ಚಿತ್ರದಲ್ಲಿ ನನ್ನ ಬಾಯಿ ಅಲುಗುವುದಿಲ್ಲ. ಪ್ಯಾಂಟು ಮುಂದೆ, ಮನುಷ್ಯ ಹಿಂದೆ ಎಂದು ಗೆಳತಿಯರ ಎದುರು ನಡೆದು ತೋರಿಸಿ ನಗಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಎರಡು ತಿಂಗಳ ಹಿಂದೆ ಅಪ್ಪನ ಮೊಣಕಾಲಿನ ಆಪರೇಷನ್ ಆಯಿತು. ಅವ್ವ, ಅಪ್ಪ ಈಗ ಹುಮನಾಬಾದಿನ ನನ್ನ ಮನೆಯಲ್ಲಿದ್ದಾರೆ. ದಿನಾ ಎರಡು ಹೊತ್ತು ವಾಕರ್ ಹಿಡಿದು ನಡೆಯಬೇಕು, ವ್ಯಾಯಾಮದ ಹೊತ್ತಿಗೆ ಮೊಣಕಾಲು ಕಾಣುವಂಥ ಚಡ್ಡಿ ಹಾಕಬೇಕು, ಇಲ್ಲದಿದ್ದರೆ ಕಾಲು ಬಿಗಿದು ಹಾಗೆಯೇ ನಿಂತುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಲುಂಗಿ ವಾಕರಿಗೆ ಸಿಕ್ಕಿಕೊಳ್ಳುತ್ತದೆ. ಮೊದಲು ಪ್ಯಾಂಟು ತರುತ್ತೇನೆ ಎಂದು ಹೊರಟೆ. ಅವ್ವ ಊರಿಂದ ತಂದ ಚೀಲದಿಂದ ಅಳತೆ ಪ್ಯಾಂಟು ತೆಗೆದು ಕೈಗಿಟ್ಟಳು. ಎಂ.ಎ. ಓದಿದವಳು ನಾನು ಏನು ಮಾಡಿದೆ ಅಂತೀರಿ? ಅದನ್ನು ಒಯ್ದು, ರೆಡಿಮೇಡ್ ಅಂಗಡಿಯ ಟೇಬಲ್ಲಿನ ಮೇಲೆ ಹಾಸಿ, ಅದಕ್ಕೆ ಎಳೆಯಷ್ಟೂ ವ್ಯತ್ಯಾಸವಿಲ್ಲದ ಎರಡು ಪ್ಯಾಂಟು ಆರಿಸಿ ತಂದೆ.

ಅಪ್ಪ ಒಂದನ್ನು ಹಾಕಿಕೊಂಡು ತುದಿ ಎರಡು ಸಲ ಮಡಿಸಿದ. ಮರುದಿನ ಓಣಿಯಲ್ಲಿ ನೋಡಿದರೆ ಬಲಗೈ ಮಾತ್ರ ವಾಕರಿನ ಮೇಲಿದೆ. ಎಡಗೈ ಜಾರುವ ಪ್ಯಾಂಟನ್ನು ಹಿಡಿದಿದೆ. ಬೆಲ್ಟು ಬಿಗಿದರೆ ಹೊಟ್ಟೆಗೆ ಒತ್ತುತ್ತದಂತೆ. ಹತ್ತು ಹೆಜ್ಜೆಯೊಳಗೆ ಮಡಿಕೆ ಬಿಚ್ಚಿ ಕಾಲಿಗೆ ಸಿಕ್ಕಿತು. ನಾನು ಹಿಡಿಯದಿದ್ದರೆ ಬಿದ್ದೇ ಬಿಡುತ್ತಿದ್ದ. ಒಳಗೆ ಬಂದು ಕೂತವನು, "ಸಾಕು ಬಿಡವಾ. ನಡದು ನಾ ಎಲ್ಲಿಗಿ ಹೋಗಬೇಕಾಗೇದ," ಎಂದ.

ಆ ಮಾತಿಗೆ ಬಿಡುವವಳು ನಾನಲ್ಲ. ಟೇಪು ತಂದೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲು ಎಂದರೆ ಅಪ್ಪ ಎರಡೂ ಕೈ ಮೇಲೆತ್ತಿ, ಪೊಲೀಸರ ಝಡತಿಗೆ ಸಿಕ್ಕವನಂತೆ ನಿಂತ. ಪ್ಯಾಂಟಿಗಾಗಿ ಅವನ ಮೈಗೆ ಟೇಪು ಮುಟ್ಟಿದ್ದು ಅದೇ ಮೊದಲು. ಪ್ಯಾಂಟು ಆರಿಸುವುದೆಂದರೆ ಸೊಂಟದ ನಂಬರು ಹೇಳುವುದು ಅಂದುಕೊಂಡಿದ್ದೆ. ಅಲ್ಲ. ನಿಂತಾಗಿನ ಸೊಂಟ ಬೇರೆ, ಕೂತಾಗಿನದು ಬೇರೆ. ಹೆಚ್ಚು ಹೊತ್ತು ಕೂತೇ ಇರುವವನಿಗೆ ಕೂತಾಗಿನದೂ ಲೆಕ್ಕಕ್ಕೆ ಬರಬೇಕು. ಉದ್ದವನ್ನು ಅವನು ದಿನಾ ಮೆಟ್ಟುವ ಚಪ್ಪಲಿ ಹಾಕಿಸಿ ನೋಡಬೇಕು. ಚಡ್ಡಿಯ ಕಾಲು, ಬಾತ ಮೊಣಕಾಲಿನ ಮೇಲೆ ತಿಕ್ಕದೆ ಸರಿಯುವಷ್ಟು ಅಗಲವಿರಬೇಕು. ಸೊಂಟ ಮೂವತ್ನಾಲ್ಕು ಬಂತು. ಅಳತೆ ಪ್ಯಾಂಟಿನದು ನಲವತ್ತು.

"ಇಷ್ಟ್ ವರ್ಷ ಸಂಸಾರ ಮಾಡೀನಿ, ಮೂವತ್ನಾಲ್ಕರಾಂವನ ಜೋಡಿ ಅದೀನಿ ಅಂತ ಇವತ್ತ ಗೊತ್ತಾತು," ಎಂದಳು ಅವ್ವ, ಅಕ್ಕಿ ಆರಿಸುತ್ತ.

ಮರುದಿನ ಬೆಳಿಗ್ಗೆ ಅಪ್ಪನನ್ನೇ ಆಟೋದಲ್ಲಿ ಕೂರಿಸಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಇಲಾಸ್ಟಿಕ್ ಸೊಂಟದ ಪ್ಯಾಂಟುಗಳ ರಾಶಿಯನ್ನೇ ಮುಂದೆ ತಳ್ಳಿದ. "ಇದು ತಗೋರಿ ಅಕ್ಕಾರ, ಎಲ್ಲಾರಿಗೂ ಬರ್ತದ."

"ಎಲ್ಲಾರಿಗೂ ಬರೋದು ಬ್ಯಾಡ್ರಿ. ಇವರೊಬ್ಬರಿಗಿ ಬರೋದು ಕೊಡ್ರಿ."

ಟ್ರಯಲ್ ರೂಮಿನಲ್ಲಿ ಸ್ಟೂಲು ಹಾಕಿಸಿದೆ. ಪ್ರತಿಯೊಂದನ್ನೂ ಹಾಕಿಕೊಂಡು ಕೂತು, ಎದ್ದು, ಮತ್ತೆ ಕೂತು ನೋಡಬೇಕೆಂದು ಹೊರಗಿನಿಂದಲೇ ಹೇಳುತ್ತಿದ್ದೆ. ಚಡ್ಡಿಯ ಸರದಿ ಬಂದಾಗ ಅಪ್ಪ ಒಳಗಿನಿಂದ ಬಾಗಿಲು ಹಿಡಿದುಕೊಂಡೇ ಕೇಳಿದ.

"ಹೊರಗ ಹೆಣ್ಮಕ್ಕಳು ಅದಾರೇನು?"

"ನಾ ಒಬ್ಬಾಕೇ ಅದೀನಿ ಅಪ್ಪಾ."

"ಹಂಗಾದ್ರ ಆ ಕಡಿ ಮಾರಿ ಮಾಡು. ಹ್ಯಾಂಗ ಆಗೇದ ನಾನೇ ಹೇಳ್ತೀನಿ."

ಮಾರಿ ತಿರುಗಿಸಿದೆ. ಚೆನ್ನಾಗಿ ಆಗಿದೆ ಎಂದು ಅವನೇ ಹೇಳಿದ. ಪ್ಯಾಂಟಿನಲ್ಲಿ ನಾಲ್ಕು ಸರಿಬರಲಿಲ್ಲ. ಐದನೆಯದನ್ನು ಹಾಕಿಕೊಂಡು ಹೊರಗೆ ಬಂದ. ಎರಡೂ ಕೈ ವಾಕರಿನ ಮೇಲೆ. ಗಲ್ಲಾಪೆಟ್ಟಿಗೆಯ ತನಕ ನಡೆದ, ತಿರುಗಿ ಬಂದ, ಕನ್ನಡಿಯ ಮುಂದೆ ನಿಂತು ಮುಖವನ್ನು ಬಿಟ್ಟು ಪಾದಗಳನ್ನೇ ನೋಡಿದ. "ನನ್ನ ಚಪ್ಪಲ್ ಪೂರಾ ಕಾಣಾಕತ್ತಾವ," ಎಂದ.

ಇವತ್ತು ಸಂಜೆ ಓಣಿಯ ಕೊನೆಯ ತನಕ ಎರಡು ಸಲ ಹೋಗಿ ಬಂದ. ಅಳತೆ ಪ್ಯಾಂಟನ್ನು ಇನ್ನು ಯಾರ ಅಳತೆಗೂ ಕಳಿಸುವುದಿಲ್ಲ ಎಂದು ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟುಕೊಂಡಿದ್ದೇನೆ. ಆದರೆ ಆ ಸೈಕಲ್ಲಿನ ಚಿತ್ರ ನನ್ನನ್ನು ಬಿಡಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದಾಗ ಕೇಳಿಯೇಬಿಟ್ಟೆ. ರೂಢಿಯಂತೆ ಅವನ ಕೈ ಪ್ಯಾಂಟಿನ ತುದಿಗೆ ಹೋಯಿತು. ಮಡಿಸಲು ಅಲ್ಲಿ ಏನೂ ಇರಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಪ್ಪಾ, ನಾ ಸಣ್ಣಾಕಿ ಇದ್ದಾಗ ಮಾಸ್ಟರ್ ನಿನಗ ಅಳತಿ ಕೊಡಾಕ ಕರದಿದ್ದರು. ಅದು ನಾ ಬಂದು ನಿನಗ ಹೇಳಿದ್ನೋ, ಇಲ್ಲೋ?"